ಕಪ್ಪು ನೀರಿನ ಲೆಕ್ಕ: ಶಾಖ ಸಾಗಿಸುವ ದ್ರವಕ್ಕೆ ಗ್ರಾಫೀನ್ ಬೆರೆಸಿ ಅಳೆದ ಕೆಲಸದ ದಾಖಲೆ

ಕೋಣೆಯ ತಾಪಮಾನದಲ್ಲಿ ನೀರಿನ ಉಷ್ಣವಾಹಕತೆ (ಶಾಖವನ್ನು ದಾಟಿಸುವ ಗುಣ) ಮೀಟರ್-ಕೆಲ್ವಿನ್‌ಗೆ ಸುಮಾರು 0.6 ವ್ಯಾಟ್, ಎಥಿಲೀನ್ ಗ್ಲೈಕಾಲ್‌ನದು 0.25, ತಾಮ್ರದ್ದು 400. ಯಾವುದಕ್ಕೂ ತಾಗದಂತೆ ಹಿಡಿದಿಟ್ಟ ಒಂಟಿ ಪದರದ ಗ್ರಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲ) ಹಾಳೆಯದು 3000ದಿಂದ 5000. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಯಾರಿಗಾದರೂ ಹುಟ್ಟುವ ಆಸೆ ನನಗೂ ಹುಟ್ಟಿತು: ಒಂದು ಲೀಟರ್ ನೀರಿಗೆ ಒಂದು ಚಿಟಿಕೆ ಗ್ರಾಫೀನ್ ಬೆರೆಸಿದರೆ ಆ ನೀರು ಶಾಖವನ್ನು ಎಷ್ಟು ಚುರುಕಾಗಿ ಹೊತ್ತೊಯ್ಯಬಹುದು? ಉತ್ತರವನ್ನು ಓದಿ ತಿಳಿಯುವುದಕ್ಕಿಂತ ಅಳೆದು ತಿಳಿಯಬೇಕೆನ್ನಿಸಿದ್ದರಿಂದ ಪಂಪು, ಕೊಳವೆ, ಕಾಯಿಸುವ ಸುರುಳಿ ಮತ್ತು ಐದು ಥರ್ಮಿಸ್ಟರ್‌ಗಳ (ತಾಪಮಾನಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸಂವೇದಕಗಳ) ಒಂದು ಸಣ್ಣ ಸುತ್ತನ್ನು ಕಟ್ಟಿದೆ. ಅದನ್ನು ಕಟ್ಟಿದ ಬಗೆ, ಅದರಲ್ಲಿ ಕೆಟ್ಟದ್ದು, ಕೊನೆಗೆ ಕೈಗೆ ಬಂದ ಅಂಕಿಗಳು ಮುಂದಿವೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ದ್ರವದಲ್ಲಿ ನ್ಯಾನೋ ಗಾತ್ರದ ಕಣಗಳನ್ನು ತೇಲಿಸಿ ಅದರ ಉಷ್ಣವಾಹಕತೆಯನ್ನು ಹೆಚ್ಚಿಸುವ ಆಲೋಚನೆಗೆ ‘ನ್ಯಾನೋಫ್ಲೂಯಿಡ್’ ಎಂಬ ಹೆಸರನ್ನು ಕೊಟ್ಟವರು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಸ್ಟೀಫನ್ ಚೋಯ್, 1995ರಲ್ಲಿ. ಅಲ್ಲಿಂದ ಮುಂದೆ ಬಂದ ಕೆಲವು ವರದಿಗಳು ಎಷ್ಟು ಉತ್ಸಾಹದವಾಗಿದ್ದವೆಂದರೆ, 2009ರಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಯೋಗಾಲಯಗಳು ಒಂದೇ ಮಾದರಿಗಳನ್ನು ಹಂಚಿಕೊಂಡು ಬೇರೆ ಬೇರೆ ವಿಧಾನಗಳಲ್ಲಿ ಅಳೆದು ನೋಡಿದವು. ಅಳೆದ ಹೆಚ್ಚಳವು ಹಳೆಯ ಮಿಶ್ರಣ ಸಿದ್ಧಾಂತ ಹೇಳುವಷ್ಟೇ ಇತ್ತು, ಅದನ್ನು ಮೀರಿದ ಪವಾಡವೇನೂ ಕಾಣಲಿಲ್ಲ. ಆ ಮಾದರಿಗಳಲ್ಲಿ ಗ್ರಾಫೀನ್ ಇರಲಿಲ್ಲ ಎಂಬುದು ನಿಜ, ಆದರೆ ಪಾಠ ಗ್ರಾಫೀನ್‌ಗೂ ಅನ್ವಯಿಸುತ್ತದೆ. ಹಾಗಾಗಿ ಅಳತೆಯಲ್ಲಿ ಭಾರೀ ಹೆಚ್ಚಳ ಕಂಡರೆ ಮೊದಲು ಅಳತೆಯನ್ನೇ ಶಂಕಿಸಬೇಕೆಂದು ಆರಂಭದಲ್ಲಿಯೇ ನಿರ್ಧರಿಸಿಕೊಂಡಿದ್ದೆ. ಆ ನಿರ್ಧಾರ ಮುಂದೆ ಒಮ್ಮೆ ನನ್ನ ಮಾನ ಉಳಿಸಿತು.

ಪುಡಿಯ ಆಯ್ಕೆ

ಗ್ರಾಫೀನ್ ಎಂದು ಮಾರುವ ಪುಡಿಗಳಲ್ಲಿ ಬಹುಪಾಲು ಒಂಟಿ ಪದರದ ಹಾಳೆಗಳಲ್ಲ. ನಾನು ತಂದ ಪುಡಿಯ ತಟ್ಟೆಗಳು 5ರಿಂದ 10 ನ್ಯಾನೋಮೀಟರ್ ದಪ್ಪ, ಸುಮಾರು 5 ಮೈಕ್ರಾನ್ ಅಗಲ. ಗ್ರಾಫೈಟ್‌ನಲ್ಲಿ ಎರಡು ಪದರಗಳ ನಡುವಣ ಅಂತರ 0.335 ನ್ಯಾನೋಮೀಟರ್ ಆದ್ದರಿಂದ 10 ನ್ಯಾನೋಮೀಟರ್ ದಪ್ಪದ ತಟ್ಟೆಯೊಂದರಲ್ಲಿ ಸುಮಾರು ಮೂವತ್ತು ಪದರಗಳಿರುತ್ತವೆ. ಇದನ್ನು ಗ್ರಾಫೀನ್ ಎನ್ನುವುದಕ್ಕಿಂತ ಬಹಳ ತೆಳುವಾದ ಗ್ರಾಫೈಟ್ ಎನ್ನುವುದೇ ಸರಿ. ಆದರೆ ನಮಗೆ ಬೇಕಾದದ್ದು ಹೆಸರಲ್ಲ, ಆಕಾರ. ದುಂಡು ಕಣಗಳಾದರೆ, ಅವು ಎಷ್ಟೇ ಒಳ್ಳೆಯ ವಾಹಕಗಳಾಗಿದ್ದರೂ, ದ್ರವದ ವಾಹಕತೆಯಲ್ಲಿ ಆಗುವ ಹೆಚ್ಚಳ ಕಣಗಳ ಗಾತ್ರಾಂಶದ ಮೂರು ಪಟ್ಟನ್ನು ದಾಟುವುದಿಲ್ಲ ಎಂದು ಮ್ಯಾಕ್ಸ್‌ವೆಲ್ ಅವರ ಸೂತ್ರ ಹೇಳುತ್ತದೆ. ಅಂದರೆ ಗಾತ್ರದಲ್ಲಿ ಸಾವಿರಕ್ಕೆ ಒಂದು ಪಾಲು ಬೆರೆಸಿದರೆ ಹೆಚ್ಚಳ ಸಾವಿರಕ್ಕೆ ಮೂರು. ಚಪ್ಪಟೆ ತಟ್ಟೆ ಹಾಗಲ್ಲ. ಅದು ತನ್ನ ಅಗಲದುದ್ದಕ್ಕೂ ಶಾಖಕ್ಕೆ ಅಡ್ಡದಾರಿ ಮಾಡಿಕೊಡುವುದರಿಂದ ಬಹಳ ಕಡಿಮೆ ಪುಡಿಯಲ್ಲಿ ಹೆಚ್ಚು ಫಲ ಕೊಡಬಲ್ಲದು.

ಗ್ರಾಫೈಟ್‌ನಿಂದ ನಾನೇ ಪದರ ಬಿಡಿಸುವ ದಾರಿಯೂ ಇತ್ತು. ಸಾಬೂನಿನಂಥ ವಸ್ತು ಬೆರೆಸಿದ ನೀರಿನಲ್ಲಿ ಗ್ರಾಫೈಟ್ ಹಾಕಿ ಅಡುಗೆಮನೆಯ ಬ್ಲೆಂಡರ್‌ನಲ್ಲಿ ತಿರುಗಿಸಿದರೂ ಗ್ರಾಫೀನ್ ಬಿಡಿಸಬಹುದೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಪದರಗಳು ಒಂದರ ಮೇಲೊಂದು ಜಾರಿ ಬೇರೆಯಾಗಲು ಬೇಕಾದಷ್ಟು ಜೋರಾಗಿ ಅದರ ಅಲಗು ದ್ರವವನ್ನು ಎಳೆದಾಡುತ್ತದೆ. ಆದರೆ ಸಿಗುವ ಇಳುವರಿ ತೀರಾ ಕಡಿಮೆ. ನನಗೆ ಲೀಟರಿಗೆ ಒಂದು ಗ್ರಾಂ ಮಟ್ಟದ ದ್ರವ ಬೇಕಿದ್ದುದರಿಂದ ಅದನ್ನು ಕೈಬಿಟ್ಟೆ. ಗಟ್ಟಿ ಸಲ್ಫ್ಯೂರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸಿ ಗ್ರಾಫೀನ್ ಆಕ್ಸೈಡ್ ಮಾಡುವ ವಿಧಾನವನ್ನು ಯೋಚಿಸಲೂ ಇಲ್ಲ: ಅದು ಮನೆಯ ಮೇಜಿನ ಮೇಲೆ ಮಾಡುವ ಕೆಲಸವಲ್ಲ, ಜೊತೆಗೆ ಆಕ್ಸೈಡ್ ನೀರಿನಲ್ಲಿ ಚೆನ್ನಾಗಿ ನಿಂತರೂ ಶಾಖ ಸಾಗಿಸುವ ಗುಣದಲ್ಲಿ ಗ್ರಾಫೀನ್‌ಗಿಂತ ಬಹಳ ಹಿಂದೆ.

ಒಣ ಪುಡಿಯನ್ನು ಮುಟ್ಟುವಾಗಿನ ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಮಸಿಗಿಂತ ಹಗುರ. ಡಬ್ಬಿಯ ಮುಚ್ಚಳ ತೆಗೆದ ಗಾಳಿಗೇ ಏಳುತ್ತದೆ. ಸೂಕ್ಷ್ಮ ಕಣ ತಡೆಯುವ ಮುಖಗವಸು, ಕೈಗವಸು ಹಾಕಿ, ಫ್ಯಾನ್ ಆರಿಸಿ, ತೂಗಿದ ತಕ್ಷಣ ಪುಡಿಯನ್ನು ದ್ರವಕ್ಕೆ ಸೇರಿಸಿಬಿಡಬೇಕು. ಒದ್ದೆಯಾದ ಮೇಲೆ ಅದರಿಂದ ಉಸಿರಿಗೆ ತೊಂದರೆಯಿಲ್ಲ. ಪುಡಿ ವಿದ್ಯುತ್ತನ್ನೂ ಹರಿಸುತ್ತದೆ, ಆದ್ದರಿಂದ ಸರ್ಕ್ಯೂಟ್ ಬೋರ್ಡ್ ಇರುವ ಮೇಜಿನ ಮೇಲೆ ಅದನ್ನು ತೂಗಬಾರದು.

ಅಳೆಯುವ ಸುತ್ತು

ಸುತ್ತಿನ ಹೃದಯ 8 ಮಿಲಿಮೀಟರ್ ಒಳವ್ಯಾಸದ, 300 ಮಿಲಿಮೀಟರ್ ಉದ್ದದ ನೇರ ತಾಮ್ರದ ಕೊಳವೆ. ಅದರ ಮೇಲೆ ಪಾಲಿಇಮೈಡ್ ಟೇಪು ಸುತ್ತಿ, ಟೇಪಿನ ಮೇಲೆ ನೈಕ್ರೋಮ್ ತಂತಿಯನ್ನು ಸಮ ಅಂತರದಲ್ಲಿ ಸುತ್ತಿದೆ. 12 ವೋಲ್ಟಿನಲ್ಲಿ 6.7 ಆಂಪಿಯರ್, ಅಂದರೆ 80.4 ವ್ಯಾಟ್ ಶಾಖ. ಸುತ್ತುಗಳ ನಡುವೆ ಮೂರು ಕಡೆ ಟೇಪು ಕತ್ತರಿಸಿ ತಾಮ್ರಕ್ಕೇ ತಾಗುವಂತೆ ಮೂರು ಥರ್ಮಿಸ್ಟರ್‌ಗಳನ್ನು ಕೂರಿಸಿದೆ. ದ್ರವ ಒಳಬರುವಲ್ಲಿ ಒಂದು, ಹೊರಹೋಗುವಲ್ಲಿ ಇನ್ನೊಂದು. ಎಲ್ಲದರ ಮೇಲೆ ಗಾಜಿನ ಉಣ್ಣೆ, ಅದರ ಮೇಲೆ ಫೋಮ್ ಹೊದಿಕೆ. ಉಳಿದದ್ದು ಸಾಮಾನ್ಯ ಸಾಮಗ್ರಿ: 12 ವೋಲ್ಟಿನ ಬ್ರಶ್‌ರಹಿತ ಪಂಪು, ಸಿಲಿಕೋನ್ ಕೊಳವೆ, ಅರ್ಧ ಲೀಟರಿನ ಗಾಜಿನ ತೊಟ್ಟಿ, ತಾಮ್ರ-ಹಿತ್ತಾಳೆಯ ರೇಡಿಯೇಟರ್, ಒಂದು ಫ್ಯಾನ್, ಓದಿಕೊಳ್ಳಲು 16 ಬಿಟ್‌ನ ಪರಿವರ್ತಕ ಜೋಡಿಸಿದ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್.

ಇಲ್ಲಿ ಎರಡು ಸಂಗತಿಗಳನ್ನು ಅವಸರದಲ್ಲಿ ಬಿಟ್ಟುಬಿಟ್ಟರೆ ಮುಂದಿನ ಅಳತೆಯೆಲ್ಲ ನೀರುಪಾಲು. ಮೊದಲನೆಯದು ಥರ್ಮಿಸ್ಟರ್‌ಗಳ ಪರಸ್ಪರ ಹೊಂದಾಣಿಕೆ. ನಿಮಿಷಕ್ಕೆ 0.60 ಲೀಟರ್ ಹರಿವಿನಲ್ಲಿ, ಅಂದರೆ ಸೆಕೆಂಡಿಗೆ ಹತ್ತು ಗ್ರಾಂ ನೀರಿನಲ್ಲಿ, 80 ವ್ಯಾಟ್ ಶಾಖ ನೀರನ್ನು ಕಾಯಿಸುವುದು ಎರಡು ಡಿಗ್ರಿಗೂ ಕಡಿಮೆ. ಅರ್ಧ ಡಿಗ್ರಿ ಹೆಚ್ಚುಕಡಿಮೆ ತೋರಿಸುವ ಎರಡು ಸಂವೇದಕಗಳಿಂದ ಎರಡು ಡಿಗ್ರಿಯ ವ್ಯತ್ಯಾಸ ಅಳೆಯಲು ಹೊರಟರೆ ಸಿಗುವುದು ಅಂಕಿಯಲ್ಲ, ಊಹೆ. ಐದನ್ನೂ ದಾರದಿಂದ ಒಂದು ಗೊಂಚಲಾಗಿ ಕಟ್ಟಿ, ನೀರು ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿ ಇಳಿಬಿಟ್ಟು, ಬಿಸಿನೀರು ತಣ್ಣಗಾಗುತ್ತ ಹೋದ ಇಡೀ ರಾತ್ರಿಯ ಓದುಗಳನ್ನು ದಾಖಲಿಸಿ, ಪ್ರತಿಯೊಂದಕ್ಕೂ ತಿದ್ದುಪಡಿ ಕಟ್ಟಿದೆ. ಆನಂತರ ಐದೂ 0.02 ಡಿಗ್ರಿಯೊಳಗೆ ಒಂದಕ್ಕೊಂದು ಒಪ್ಪಿದವು. ನಿಜವಾದ ತಾಪಮಾನ ಎಷ್ಟೆಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ಐದೂ ಒಂದೇ ಮಾತು ಹೇಳುವುದು ಮುಖ್ಯ.

ಎರಡನೆಯದು ಹೊರಬರುವ ದ್ರವವನ್ನು ಕಲಕುವುದು. ನಿಧಾನ ಹರಿವಿನಲ್ಲಿ ದ್ರವ ಪದರ ಪದರವಾಗಿ ಸಾಗುತ್ತದೆ. ಗೋಡೆಯ ಪಕ್ಕದ ಪದರ ಬಿಸಿಯಾಗಿಯೂ ನಡುವಿನ ತಿರುಳು ತಣ್ಣಗೂ ಇರುವಾಗ ಸಂವೇದಕ ಎಲ್ಲಿ ನಿಂತಿದೆಯೋ ಅಲ್ಲಿಯ ತಾಪಮಾನವನ್ನಷ್ಟೇ ಹೇಳುತ್ತದೆ. ಹೊರದಾರಿಯ ಜೋಡಣೆಯೊಳಗೆ, ಸಂವೇದಕಕ್ಕಿಂತ ಮೊದಲು, ಪ್ಲಾಸ್ಟಿಕ್ ಪಟ್ಟಿಯೊಂದನ್ನು ಸ್ಕ್ರೂನಂತೆ ತಿರುಚಿ ತೂರಿಸಿದೆ. ಅದಕ್ಕೂ ಮುನ್ನ ಕೊಳವೆಯನ್ನು ತುಸು ಅಲುಗಿಸಿದರೆ ಸಾಕು, ಓದು 0.3 ಡಿಗ್ರಿ ಜಿಗಿಯುತ್ತಿತ್ತು. ಪಟ್ಟಿ ತೂರಿಸಿದ ಮೇಲೆ ಜಿಗಿತ ನಿಂತಿತು.

ಹರಿವನ್ನು ಅಳೆಯಲು ಮೀಟರ್ ಬಳಸಲಿಲ್ಲ. ಚಕ್ರ ತಿರುಗುವ ಬಗೆಯ ಮೀಟರ್‌ಗಳು ದ್ರವದ ಸ್ನಿಗ್ಧತೆ (ಮಂದತನ) ಬದಲಾದರೆ ಬೇರೆ ಲೆಕ್ಕ ಹೇಳುತ್ತವೆ, ಮತ್ತು ಇಲ್ಲಿ ಬದಲಾಗುವುದೇ ಅದು. ಮರಳುವ ಕೊಳವೆಯನ್ನು ಒಂದು ನಿಮಿಷ ಬೀಕರಿಗೆ ತಿರುಗಿಸಿ ತೂಗುವ ಹಳೆಯ ವಿಧಾನವೇ ಎಲ್ಲಕ್ಕಿಂತ ನಂಬಿಕೆಯದು.

ಬಟ್ಟಿ ಇಳಿಸಿದ ನೀರಿನಿಂದ ಶುರು ಮಾಡಿದೆ. ನಿಮಿಷಕ್ಕೆ 0.60 ಲೀಟರಿನಲ್ಲಿ ನೀರು 1.82 ಡಿಗ್ರಿ ಕಾಯಿತು, ಅಂದರೆ ನೀರು ಹೊತ್ತೊಯ್ದ ಶಾಖ 76 ವ್ಯಾಟ್. ಕೊಟ್ಟದ್ದು 80.4. ನಾಲ್ಕು ಚಿಲ್ಲರೆ ವ್ಯಾಟ್ ಹೊದಿಕೆಯ ಮೂಲಕ ಸೋರುತ್ತಿದೆ ಎಂದಾಯಿತು; ಒಪ್ಪಬಹುದಾದ ಸೋರಿಕೆ. ಗೋಡೆಯ ಸರಾಸರಿ ತಾಪಮಾನ ದ್ರವದ ಸರಾಸರಿಗಿಂತ 10.6 ಡಿಗ್ರಿ ಮೇಲಿತ್ತು. ಈ 10.6 ಎಂಬ ಅಂತರವೇ ಮುಂದಿನ ಎಲ್ಲ ಹೋಲಿಕೆಗಳ ಅಡಿಗಲ್ಲು: ದ್ರವ ಗೋಡೆಯಿಂದ ಶಾಖವನ್ನು ಸುಲಭವಾಗಿ ಎತ್ತಿಕೊಂಡಷ್ಟೂ ಇದು ಇಳಿಯಬೇಕು.

ಮೊದಲ ಬ್ಯಾಚು, ನೊರೆ ಮತ್ತು ಸುಳ್ಳು ಅಂಕಿ

ಗ್ರಾಫೀನ್‌ಗೆ ನೀರೆಂದರೆ ಆಗದು. ಪುಡಿಯನ್ನು ನೀರಿನ ಮೇಲೆ ಉದುರಿಸಿದರೆ ಅದು ಒಣಗಿಯೇ ತೇಲುತ್ತದೆ; ಕಡ್ಡಿಯಿಂದ ಒತ್ತಿ ಮುಳುಗಿಸಿದರೆ ಬೆಳ್ಳಿಯಂತೆ ಹೊಳೆಯುವ ಗಾಳಿಯ ಪೊರೆ ಹೊದ್ದು ಕೆಳಗಿಳಿದು, ಕಡ್ಡಿ ತೆಗೆದೊಡನೆ ಮತ್ತೆ ಮೇಲೇಳುತ್ತದೆ. ಬಲವಂತದಿಂದ ಬೆರೆಸಿ ಬಿಟ್ಟರೂ ತಟ್ಟೆಗಳು ಒಂದಕ್ಕೊಂದು ಅಂಟಿ ಗಂಟಾಗಿ ಒಂದು ಗಂಟೆಯೊಳಗೆ ತಳ ಸೇರುತ್ತವೆ. ಇದನ್ನು ತಡೆಯಲು ಒಂದು ತುದಿ ನೀರನ್ನೂ ಇನ್ನೊಂದು ತುದಿ ಇಂಗಾಲವನ್ನೂ ಹಿಡಿಯುವ ಅಣುಗಳು ಬೇಕು.

ಮೊದಲ ಬ್ಯಾಚಿಗೆ ಸೋಡಿಯಂ ಡೋಡೆಸೈಲ್ ಸಲ್ಫೇಟ್ ಬಳಸಿದೆ. ಸಾಬೂನು, ಶಾಂಪೂಗಳಲ್ಲಿ ಇರುವ ವಸ್ತುವೇ. ಲೀಟರಿಗೆ ಒಂದು ಗ್ರಾಂ ಪುಡಿ, ಎರಡೂವರೆ ಗ್ರಾಂ ಸಲ್ಫೇಟ್. ಕೈ ಬ್ಲೆಂಡರ್‌ನಲ್ಲಿ ಐದು ನಿಮಿಷ ತಿರುಗಿಸಿ, ನಂತರ 40 ಕಿಲೋಹರ್ಟ್ಜ್‌ನ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಎರಡು ಗಂಟೆ ಇಟ್ಟೆ. ಕಾಡಿಗೆಯಂಥ ಸೊಗಸಾದ ಕಪ್ಪು ದ್ರವ ಸಿಕ್ಕಿತು. ಅದರ ಒಂದು ಹನಿಯನ್ನು ಒಂದು ಲೋಟ ನೀರಿಗೆ ಬಿಟ್ಟು ಲೇಸರ್ ಹಾಯಿಸಿದರೆ ಕಿರಣದ ದಾರಿ ನೇರ ಗೆರೆಯಾಗಿ ಕಾಣುತ್ತಿತ್ತು. ಕಣ್ಣಿಗೆ ಕಾಣುವ ಚುಕ್ಕೆಗಳಿರಲಿಲ್ಲ.

ಅದನ್ನು ಸುತ್ತಿಗೆ ತುಂಬಿ ಪಂಪು ಚಾಲೂ ಮಾಡಿದ ಹತ್ತು ನಿಮಿಷಕ್ಕೆ ತೊಟ್ಟಿಯ ಬಾಯಿಂದ ಬೂದು ನೊರೆ ಉಕ್ಕತೊಡಗಿತು. ಪಂಪು ಗಾಳಿ ಹಿಡಿದು ಗೊರಗೊರ ಎನ್ನತೊಡಗಿತು, ಹರಿವು ಬಿದ್ದುಹೋಯಿತು. ಮರಳುವ ಕೊಳವೆಯ ತುದಿಯನ್ನು ದ್ರವದೊಳಗೆ ಮುಳುಗಿಸಿ, ಪಂಪಿನ ವೋಲ್ಟೇಜ್ ಇಳಿಸಿ, ಅರ್ಧ ದಿನ ಕಾದ ಮೇಲೆ ಹೇಗೋ 0.60ರ ಹರಿವು ಸ್ಥಿರವಾಯಿತು. ಆಗ ಕಂಡ ಅಂಕಿ: ದ್ರವ 2.05 ಡಿಗ್ರಿ ಕಾಯುತ್ತಿದೆ!

ಒಂದು ಕ್ಷಣ ಸಂತೋಷವಾದದ್ದನ್ನು ಮುಚ್ಚಿಡುವುದಿಲ್ಲ. ‘ಗ್ರಾಫೀನ್ ಹೆಚ್ಚು ಶಾಖ ಎಳೆಯುತ್ತಿದೆ’ ಎಂದು ಬರೆದುಕೊಳ್ಳಲು ಪೆನ್ನು ಕೈಯಲ್ಲಿತ್ತು. ಆದರೆ 2.05 ಡಿಗ್ರಿಯೆಂದರೆ ದ್ರವ ಹೊತ್ತೊಯ್ಯುತ್ತಿರುವುದು ಸುಮಾರು 86 ವ್ಯಾಟ್. ಸುರುಳಿಗೆ ನಾನು ಕೊಡುತ್ತಿರುವುದು 80.4. ಇಷ್ಟು ಕಡಿಮೆ ಪುಡಿಯಿಂದ ದ್ರವದ ವಿಶಿಷ್ಟೋಷ್ಣ (ಒಂದು ಗ್ರಾಂ ಅನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖ) ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಹೊರಬರುತ್ತಿದ್ದರೆ ತಪ್ಪು ಪ್ರಕೃತಿಯದಲ್ಲ, ನನ್ನದು.

ತಪ್ಪು ಹುಡುಕಲು ಎರಡು ದಿನ ಹಿಡಿಯಿತು. ಹೊರದಾರಿಯ ಥರ್ಮಿಸ್ಟರ್ ಅನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ, ಮಣಿಯಿಂದ ತಂತಿ ಹೊರಡುವ ಜಾಗದಲ್ಲಿ ಎಪಾಕ್ಸಿ ಲೇಪ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಬಿರುಕಿನೊಳಗೆ ಕಪ್ಪು ಗೆರೆ ಮೂಡಿತ್ತು. ಮಣಿಯನ್ನು ಕಪ್ಪು ದ್ರವದ ಲೋಟದಲ್ಲಿ ಅದ್ದಿ, ತಂತಿಗೆ ಒಂದು ಮೊನೆ, ದ್ರವಕ್ಕೆ ಇನ್ನೊಂದು ಮೊನೆ ಹಿಡಿದರೆ ಮಲ್ಟಿಮೀಟರ್ ಸುಮಾರು ಒಂದು ಮೆಗಾಓಮ್ ತೋರಿಸಿತು. ಬಟ್ಟಿ ನೀರಿನಲ್ಲಿ ಅದ್ದಿದರೆ ಅಂಥ ದಾರಿಯೇ ಇರಲಿಲ್ಲ. ತಾಮ್ರದ ಕೊಳವೆ ವಿದ್ಯುತ್ ಪೂರೈಕೆಯ ಋಣ ತುದಿಗೆ ತಾಗಿದ್ದುದರಿಂದ ಹತ್ತು ಕಿಲೋಓಮ್‌ನ ಥರ್ಮಿಸ್ಟರ್‌ಗೆ ಸಮಾಂತರವಾಗಿ ದ್ರವದ ಮೂಲಕವೇ ಒಂದು ಕಳ್ಳದಾರಿ ಏರ್ಪಟ್ಟಿತ್ತು. ಒಟ್ಟು ರೋಧ ನೂರಕ್ಕೆ ಒಂದರಷ್ಟು ಇಳಿದರೆ ಈ ಬಗೆಯ ಥರ್ಮಿಸ್ಟರ್ ಅದನ್ನು ಕಾಲು ಡಿಗ್ರಿಯಷ್ಟು ಹೆಚ್ಚಿನ ತಾಪಮಾನವೆಂದು ಓದುತ್ತದೆ. ನನ್ನ ‘ಹೆಚ್ಚಳ’ ಸರಿಯಾಗಿ ಅಷ್ಟೇ ಇತ್ತು. ವಿದ್ಯುತ್ ಹರಿಸುವ ದ್ರವವನ್ನು ಬಟ್ಟಿ ನೀರಿನೊಂದಿಗೆ ಹೋಲಿಸುವವರೆಲ್ಲರೂ ಬೀಳಬಹುದಾದ ಗುಂಡಿ ಇದು; ನೀರಿನಲ್ಲಿ ಸರಿಯಾಗಿಯೇ ಓದುವ ಸಂವೇದಕ ಕಪ್ಪು ದ್ರವದಲ್ಲಿ ಮಾತ್ರ ಸುಳ್ಳು ಹೇಳುತ್ತದೆ, ಅದೂ ನಾವು ಕೇಳಲು ಕಾತರಿಸುತ್ತಿರುವ ಸುಳ್ಳನ್ನೇ.

ಒಳದಾರಿ, ಹೊರದಾರಿಯ ಎರಡೂ ಥರ್ಮಿಸ್ಟರ್‌ಗಳನ್ನು ತುದಿ ಮುಚ್ಚಿದ ತೆಳು ಸ್ಟೀಲ್ ನಳಿಗೆಗಳಲ್ಲಿ ಉಷ್ಣವಾಹಕ ಪೇಸ್ಟ್ ತುಂಬಿ ಕೂರಿಸಿದೆ. ಫ್ಲಾಸ್ಕಿನ ಹೊಂದಾಣಿಕೆಯನ್ನು ಮತ್ತೆ ಮಾಡಿ, ನೀರಿನ ಅಳತೆಯನ್ನೂ ಮತ್ತೆ ತೆಗೆದೆ. 1.82 ಮತ್ತು 10.6 ಎರಡೂ ಹಾಗೆಯೇ ಬಂದವು. ಸಲ್ಫೇಟ್ ಬ್ಯಾಚನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಒಣಗಲು ಬಿಟ್ಟೆ.

ಎರಡನೆಯ ಬ್ಯಾಚು

ಈ ಬಾರಿ ನೊರೆ ಕಡಿಮೆ ಕೊಡುವ ಅರೇಬಿಕ್ ಗೋಂದನ್ನು ಆರಿಸಿಕೊಂಡೆ. ಲೀಟರಿಗೆ ಒಂದು ಗ್ರಾಂ ಗೋಂದನ್ನು ಬೆಚ್ಚಗಿನ ಬಟ್ಟಿ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಒಂದು ಗ್ರಾಂ ಪುಡಿಯನ್ನು ಮೊದಲು ಕೆಲವೇ ಚಮಚ ಗೋಂದುನೀರಿನಲ್ಲಿ ಮುದ್ದೆಯಾಗುವಂತೆ ಅರೆದು, ಆಮೇಲೆ ಉಳಿದ ನೀರನ್ನು ಸೇರಿಸಿದೆ. ಹೀಗೆ ಅರೆದುಕೊಂಡರೆ ತೇಲುವ ಪುಡಿಯ ರಗಳೆಯಿಲ್ಲ. ಅಲ್ಟ್ರಾಸೋನಿಕ್ ತೊಟ್ಟಿಯ ನೀರು ಬಿಸಿಯಾಗದಂತೆ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಿಸುತ್ತ ಎರಡು ಗಂಟೆ ನಡೆಸಿದೆ. ಇನ್ನೂ ಹೆಚ್ಚು ಹೊತ್ತು ನಡೆಸುವ ಆಸೆಯಾಗುತ್ತದೆ, ಬೇಡ. ಹೆಚ್ಚು ಅಲುಗಿಸಿದಷ್ಟೂ ತಟ್ಟೆಗಳು ಮುರಿದು ಅಗಲ ಕಳೆದುಕೊಳ್ಳುತ್ತವೆ. ಸಣ್ಣ ಚೂರುಗಳು ನೀರಿನಲ್ಲಿ ಚೆನ್ನಾಗಿ ನಿಲ್ಲುತ್ತವೆ, ಆದರೆ ನಾವು ಆಸೆಪಟ್ಟಿದ್ದ ಅಡ್ಡದಾರಿ ತುಂಡುತುಂಡಾಗುತ್ತದೆ. ನಿಲುವು ಬೇಕೋ ವಾಹಕತೆ ಬೇಕೋ ಎಂಬ ಚೌಕಾಶಿ ಈ ಕೆಲಸದ ಪ್ರತಿ ಹಂತದಲ್ಲಿಯೂ ಇದೆ.

ಒಂದು ದಿನ ಅಲುಗಿಸದೆ ಇಟ್ಟು, ಮೇಲಿನ ಐದರಲ್ಲಿ ನಾಲ್ಕು ಪಾಲು ತಿಳಿಯನ್ನು ಸೈಫನ್ ಮಾಡಿ ತೆಗೆದುಕೊಂಡೆ. ತಳದಲ್ಲಿ ಕಪ್ಪು ಗಸಿ ಉಳಿಯಿತು. ಗಸಿ ಉಳಿದ ಮೇಲೆ ತಿಳಿಯಲ್ಲಿ ಲೀಟರಿಗೆ ಒಂದು ಗ್ರಾಂ ಇದೆ ಎಂದು ಹೇಳಿಕೊಳ್ಳುವಂತಿಲ್ಲ. 50 ಮಿಲಿಲೀಟರ್ ತಿಳಿಯನ್ನು ತಟ್ಟೆಯಲ್ಲಿ ಒಣಗಿಸಿ ತೂಗಿದೆ: 86 ಮಿಲಿಗ್ರಾಂ. ಅದರಲ್ಲಿ 50 ಮಿಲಿಗ್ರಾಂ ಗೋಂದು, ಗ್ರಾಫೀನ್ 36. ಅಂದರೆ ಲೀಟರಿಗೆ 0.72 ಗ್ರಾಂ. ಗ್ರಾಫೈಟ್‌ನ ಸಾಂದ್ರತೆ 2.2 ಎಂದು ಹಿಡಿದರೆ ಗಾತ್ರದಲ್ಲಿ ಇದು ಹತ್ತುಸಾವಿರಕ್ಕೆ ಮೂರು ಪಾಲು ಚಿಲ್ಲರೆ.

ಸ್ನಿಗ್ಧತೆಯನ್ನು ಹೋಲಿಸಲು ಉದ್ದ ಸೂಜಿಯ ಸಿರಿಂಜ್ ಒಂದನ್ನು ನೆಟ್ಟಗೆ ನಿಲ್ಲಿಸಿ, ಒಂದೇ ತಾಪಮಾನದಲ್ಲಿ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದೆ. ನೀರಿಗೆ 100 ಸೆಕೆಂಡ್, ಬರಿ ಗೋಂದುನೀರಿಗೆ 102, ಕಪ್ಪು ದ್ರವಕ್ಕೆ 109. ಇಷ್ಟು ತೆಳುವಾದ ದ್ರಾವಣದಲ್ಲಿಯೂ ಸ್ನಿಗ್ಧತೆ ನೂರಕ್ಕೆ ಒಂಬತ್ತು ಏರಿದೆ. ಶಾಖವನ್ನು ದಾಟಿಸುವ ಅಗಲವಾದ ತಟ್ಟೆಯೇ ಹರಿವಿಗೂ ಅಡ್ಡ ನಿಲ್ಲುತ್ತದೆ.

ಬರಿ ಗೋಂದುನೀರನ್ನು ಪ್ರತ್ಯೇಕವಾಗಿ ಅಳೆಯುವುದು ಅತಿಯೆನಿಸಬಹುದು. ಆದರೆ ಅದನ್ನು ಅಳೆಯದಿದ್ದರೆ ಕಂಡ ಬದಲಾವಣೆ ಗ್ರಾಫೀನ್‌ನದೋ ಗೋಂದಿನದೋ ಎಂದು ಹೇಳಲು ಬರುವುದಿಲ್ಲ.

ಅಂಕಿಗಳು

ಪಂಪಿನ ವೋಲ್ಟೇಜ್ ಹೊಂದಿಸಿ ಮೂರು ದ್ರವಗಳನ್ನೂ ನಿಮಿಷಕ್ಕೆ 0.60 ಲೀಟರಿನಲ್ಲಿ ಹರಿಸಿದೆ. ಈ ಕೊಳವೆಯಲ್ಲಿ ಅದು ರೆನಾಲ್ಡ್ಸ್ ಸಂಖ್ಯೆ (ಹರಿವು ಪದರ ಪದರವಾಗಿದೆಯೋ ಸುಳಿಗಟ್ಟಿದೆಯೋ ಎಂದು ಹೇಳುವ ಅಂಕಿ) 2000ದ ಆಸುಪಾಸು, ಪದರ ಹರಿವಿನ ಮೇಲಂಚು. ಗೋಡೆಗೂ ದ್ರವಕ್ಕೂ ಇರುವ ಅಂತರ ನೀರಿನಲ್ಲಿ 10.6, ಗೋಂದುನೀರಿನಲ್ಲಿ 10.6, ಕಪ್ಪು ದ್ರವದಲ್ಲಿ 10.1 ಡಿಗ್ರಿ. ದ್ರವ ಕಾದದ್ದು ಮೂರರಲ್ಲಿಯೂ 1.8ರ ಸುತ್ತಮುತ್ತ, ಲೆಕ್ಕ ತಾಳೆಯಾಗುತ್ತದೆ. ಮೂರು ಬೇರೆ ಬೇರೆ ದಿನ ಮಾಡಿದಾಗಲೂ ಅರ್ಧ ಡಿಗ್ರಿಯ ಇಳಿತ ಹಾಗೆಯೇ ಉಳಿಯಿತು. ಚಿಕ್ಕದು, ಆದರೆ ನಿಜ.

ಇಷ್ಟು ಗಿಡ್ಡ ಕೊಳವೆಯಲ್ಲಿ ಬಿಸಿ ಪದರ ಇನ್ನೂ ನಡುವಿನವರೆಗೆ ಬೆಳೆದಿರುವುದಿಲ್ಲವಾದ್ದರಿಂದ ಶಾಖ ವರ್ಗಾವಣೆ ವಾಹಕತೆಯ ಮೂರನೆಯ ಎರಡರ ಘಾತದಂತೆ ಏರುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಿದರೆ ದ್ರವದ ವಾಹಕತೆ ನೂರಕ್ಕೆ ಏಳರಷ್ಟು ಏರಿದೆಯೆಂದಾಗುತ್ತದೆ. ದುಂಡು ಕಣಗಳಾಗಿದ್ದರೆ ಇದೇ ಪ್ರಮಾಣದಿಂದ ನೂರಕ್ಕೆ 0.1 ಮಾತ್ರ ಏರುತ್ತಿತ್ತು. ತಟ್ಟೆಯ ಆಕಾರ ಫಲ ಕೊಟ್ಟಿದೆ. ಹಾಗೆಂದು ಮಿಶ್ರಣ ಸಿದ್ಧಾಂತ ಆದರ್ಶ ತಟ್ಟೆಗಳಿಗೆ ಹೇಳುವಷ್ಟು ಬಂದಿಲ್ಲ. ತಟ್ಟೆಯ ವಾಹಕತೆಯನ್ನು 1000 ಎಂದು ಹಿಡಿದರೂ ಇದಕ್ಕಿಂತ ಹೆಚ್ಚು ಏರಬೇಕಿತ್ತು. ಕೊರತೆಗೆ ಕಾರಣ ಬಹುಮಟ್ಟಿಗೆ ಗೊತ್ತಿರುವುದೇ: ಇಂಗಾಲ ಮತ್ತು ನೀರು ಸಂಧಿಸುವ ಗೆರೆಯಲ್ಲಿ ಶಾಖಕ್ಕೆ ಅಡ್ಡಿಯಿದೆ, ಗೋಂದು ಆ ಅಡ್ಡಿಗೆ ಇನ್ನೊಂದು ಪದರ ಸೇರಿಸುತ್ತದೆ, ಮತ್ತು ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತಟ್ಟೆಗಳು ಮುರಿದಿವೆ.

ನಂತರ ಪಂಪನ್ನು ಪೂರ್ತಿ ಬಿಟ್ಟು ನಿಮಿಷಕ್ಕೆ 1.5 ಲೀಟರ್ ಹರಿಸಿದೆ; ರೆನಾಲ್ಡ್ಸ್ ಸಂಖ್ಯೆ 5000ದ ಹತ್ತಿರ, ಸುಳಿಗಳೆದ್ದ ಪ್ರಕ್ಷುಬ್ಧ ಹರಿವು. ನೀರಿನಲ್ಲಿ ಅಂತರ 3.4 ಡಿಗ್ರಿ. ಕಪ್ಪು ದ್ರವದಲ್ಲಿಯೂ 3.4. ಎಷ್ಟು ಸಲ ನೋಡಿದರೂ ಅಷ್ಟೇ.

ಇದು ಆಕಸ್ಮಿಕವಲ್ಲ. ಪ್ರಕ್ಷುಬ್ಧ ಹರಿವಿಗೆ ಬಳಸುವ ಡಿಟಸ್-ಬೋಲ್ಟರ್ ಸೂತ್ರದಲ್ಲಿ ಶಾಖ ವರ್ಗಾವಣೆ ವಾಹಕತೆಯ 0.6 ಘಾತದಂತೆ ಏರಿ, ಸ್ನಿಗ್ಧತೆಯ 0.4 ಘಾತದಂತೆ ಇಳಿಯುತ್ತದೆ. ನೂರಕ್ಕೆ ಏಳು ಏರಿದ ವಾಹಕತೆ ನೂರಕ್ಕೆ ನಾಲ್ಕರ ಲಾಭ ತಂದರೆ, ನೂರಕ್ಕೆ ಒಂಬತ್ತು ಏರಿದ ಸ್ನಿಗ್ಧತೆ ಅದರಲ್ಲಿ ಮೂರೂವರೆಯನ್ನು ಕಸಿದುಕೊಳ್ಳುತ್ತದೆ. ವೇಗದ ಹರಿವಿನಲ್ಲಿ ಶಾಖವನ್ನು ಸಾಗಿಸುವ ಕೆಲಸ ಸುಳಿಗಳದು; ಗ್ರಾಫೀನ್ ಅಲ್ಲಿ ಸುಳಿಗಳ ಕಾಲಿಗೆ ತೊಡರುತ್ತದೆ, ಅಷ್ಟೇ.

ಆದರೆ ನಿಧಾನ ಹರಿವಿನಲ್ಲಿ ಲೆಕ್ಕ ಗ್ರಾಫೀನ್ ಪರವಾಗಿ ತಿರುಗುತ್ತದೆ. ಅರ್ಧ ಡಿಗ್ರಿಯ ಇಳಿತವನ್ನು ಬರಿ ನೀರಿನಿಂದಲೇ ಪಡೆಯಬೇಕಾದರೆ ಹರಿವನ್ನು ನೂರಕ್ಕೆ ಸುಮಾರು ಹದಿನಾಲ್ಕು ಹೆಚ್ಚಿಸಬೇಕು, ಅದಕ್ಕೆ ಪಂಪಿನ ಶಕ್ತಿ ನೂರಕ್ಕೆ ಮೂವತ್ತರಷ್ಟು ಏರಬೇಕು. ಕಪ್ಪು ದ್ರವಕ್ಕೆ ಅದೇ ಲಾಭ ಸಿಗುವುದು ಪಂಪಿನ ಶಕ್ತಿಯಲ್ಲಿ ನೂರಕ್ಕೆ ಒಂಬತ್ತರ ಏರಿಕೆಯಿಂದ. ಹರಿವು ಸಮನಾಗಿದ್ದಾಗ ಯಾರು ಗೆದ್ದರು ಎನ್ನುವುದಕ್ಕಿಂತ ಪಂಪಿನ ಖರ್ಚು ಸಮನಾಗಿದ್ದಾಗ ಯಾರು ಗೆದ್ದರು ಎಂದು ಕೇಳುವುದೇ ನ್ಯಾಯ, ಮತ್ತು ಆ ನ್ಯಾಯದಲ್ಲಿ ಗ್ರಾಫೀನ್ ಗೆಲ್ಲುವುದು ಪದರ ಹರಿವಿನಲ್ಲಿ ಮಾತ್ರ. ಸಣ್ಣ ಕೊಳವೆ, ಮಂದ ದ್ರವ, ನಿಧಾನ ವೇಗ ಇರುವೆಡೆ ಇದಕ್ಕೆ ಜಾಗವಿದೆ. ಎಥಿಲೀನ್ ಗ್ಲೈಕಾಲ್‌ನಂಥ ದ್ರವದಲ್ಲಿ ಇದು ಇನ್ನೂ ಹೆಚ್ಚು ಹೊಂದುತ್ತದೆ: ಅದರ ಸ್ವಂತ ವಾಹಕತೆ ಕಡಿಮೆ, ಹರಿವು ಬಹುತೇಕ ಪದರ ಹರಿವೇ, ಮತ್ತು ಮಂದವಾಗಿರುವುದರಿಂದ ತಟ್ಟೆಗಳು ತಳ ಸೇರುವುದೂ ನಿಧಾನ.

ಒಟ್ಟು ವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ ಮಾತ್ರ ಅರ್ಧ ಡಿಗ್ರಿ ಬಹಳ ಚಿಕ್ಕದು. ಸುರುಳಿಯಿಂದ ಕೋಣೆಯ ಗಾಳಿಯವರೆಗಿನ ಅಂತರದಲ್ಲಿ ದೊಡ್ಡ ಪಾಲು ರೇಡಿಯೇಟರ್‌ನಿಂದ ಗಾಳಿಗೆ ಹೋಗುವ ಹಂತದ್ದು. ಫ್ಯಾನಿನ ವೇಗವನ್ನು ಒಂದು ಹಂತ ಹೆಚ್ಚಿಸಿದಾಗ ಮೂರು ಡಿಗ್ರಿ ಇಳಿಯಿತು.

ಆರು ವಾರಗಳ ನಂತರ

ಸುತ್ತನ್ನು ದಿನಕ್ಕೆ ನಾಲ್ಕೈದು ಗಂಟೆಯಂತೆ ಓಡಿಸುತ್ತ ಬಂದೆ. ಗಾಜಿನ ಶೀಶೆಯಲ್ಲಿ ತಣ್ಣಗೆ ಇಟ್ಟಿದ್ದ ಮಾದರಿ ಹತ್ತು ದಿನವಾದರೂ ಹೆಚ್ಚು ಬದಲಾಗಿರಲಿಲ್ಲ. ಬಿಸಿಯಾಗಿ ಆರುತ್ತಿದ್ದ ಸುತ್ತಿನಲ್ಲಿ ಹಾಗಿರಲಿಲ್ಲ. ನಾಲ್ಕನೆಯ ವಾರ ತೊಟ್ಟಿಯಿಂದ ಹುಳಿ ವಾಸನೆ ಬಂತು, ಅಂಚಿನಲ್ಲಿ ಬೂಸ್ಟಿನ ಪೊರೆ ಕಂಡಿತು. ಗೋಂದು ಸಸ್ಯಜನ್ಯ, ಸೂಕ್ಷ್ಮಜೀವಿಗಳಿಗೆ ಊಟ. ಇದನ್ನು ಮೊದಲೇ ಯೋಚಿಸಬೇಕಿತ್ತು. ಅಂತರವೂ 10.1ರಿಂದ ನಿಧಾನವಾಗಿ 10.4ಕ್ಕೆ ಏರಿತ್ತು.

ಆರನೆಯ ವಾರ ದ್ರವ ಬಸಿದು ಎಲ್ಲವನ್ನೂ ಬಿಚ್ಚಿದೆ. ರೇಡಿಯೇಟರ್‌ನ ಕೆಳ ತೊಟ್ಟಿಯಲ್ಲಿ ಕೆಸರಿನಂಥ ಗಸಿ. ತಾಮ್ರದ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ಎಳೆದರೆ ಬಟ್ಟೆಯ ಮೇಲೆ ಪೆನ್ಸಿಲ್ ಉಜ್ಜಿದಂಥ ಹೊಳಪಿನ ಕಪ್ಪು ಬಂತು. ತೊಟ್ಟಿಯ ಕೆಳಗಿನ ಒಂದು ಜೋಡಣೆ ಹಿತ್ತಾಳೆಯೆಂದು ನಾನು ನಂಬಿದ್ದದ್ದು ಲೇಪ ಹಚ್ಚಿದ ಅಲ್ಯೂಮಿನಿಯಂ ಆಗಿತ್ತು; ಲೇಪ ಹೋದ ಕಡೆ ಬಿಳಿ ಪುಡಿ ಕಟ್ಟಿ, ಕೆರೆದರೆ ಸಾಸಿವೆ ಕಾಳಿನಷ್ಟು ಗುಂಡಿಗಳು ಕಂಡವು. ಒಂದೇ ದ್ರವದಲ್ಲಿ ತಾಮ್ರದ ಜೊತೆಗಿದ್ದರೇ ಅಲ್ಯೂಮಿನಿಯಂ ಸವೆಯುತ್ತದೆ. ಅದರ ಮೇಲೆ ಇಂಗಾಲದ ತಟ್ಟೆಗಳೂ ಕೂತರೆ ಸವೆತಕ್ಕೆ ಇನ್ನಷ್ಟು ಇಂಬು. ಗ್ರಾಫೀನ್ ದ್ರವ ಹರಿಯುವ ಸುತ್ತಿನಲ್ಲಿ ಬಯಲಾದ ಅಲ್ಯೂಮಿನಿಯಂ ಒಂದು ತುಣುಕೂ ಇರಬಾರದು.

ಕೊಳವೆಯನ್ನು ಉಜ್ಜುವ ಮೊದಲು ಜೋಡಣೆ ಬದಲಿಸಿ, ಅದೇ ಕಪ್ಪು ಪೊರೆಯೊಂದಿಗೆ ಬರಿ ಬಟ್ಟಿ ನೀರನ್ನು ಹರಿಸಿ ಅಳೆದೆ. 10.6 ಇರಬೇಕಾದ ಅಂತರ 10.9 ಬಂತು. ಗೋಡೆಗೆ ಅಂಟಿದ ಪೊರೆ ಗೋಂದು ಮತ್ತು ಅಡ್ಡಾದಿಡ್ಡಿ ಬಿದ್ದ ತಟ್ಟೆಗಳ ಮುದ್ದೆ. ತಟ್ಟೆ ತನ್ನ ಅಗಲದ ದಿಕ್ಕಿನಲ್ಲಿ ಎಷ್ಟು ಉದಾರಿಯೋ ದಪ್ಪದ ದಿಕ್ಕಿನಲ್ಲಿ ಅಷ್ಟೇ ಜಿಪುಣ. ಗ್ರಾಫೀನ್ ಕೊಟ್ಟ ಅರ್ಧ ಡಿಗ್ರಿಯಲ್ಲಿ 0.3 ಡಿಗ್ರಿಯನ್ನು ಅದರದೇ ಪೊರೆ ಆರು ವಾರಗಳಲ್ಲಿ ವಾಪಸು ಪಡೆದಿತ್ತು, ಏರಿದ 10.4ರ ರಹಸ್ಯವೂ ಅದೇ.

ನೈಲಾನ್ ಕುಂಚದಿಂದ ಬಿಸಿ ಸಾಬೂನು ನೀರಿನಲ್ಲಿ ಕೊಳವೆಯನ್ನು ಉಜ್ಜಿ, ನಾಲ್ಕು ಬಾರಿ ಬಟ್ಟಿ ನೀರಿನಲ್ಲಿ ತೊಳೆದು ಮತ್ತೆ ಅಳೆದಾಗ 10.6ಕ್ಕೆ ಮರಳಿತು. ಮುಂದಿನ ಬ್ಯಾಚನ್ನು ಗೋಂದಿಲ್ಲದೆ, ಪಾಲಿವಿನೈಲ್‌ಪಿರೊಲಿಡೋನ್ ಎಂಬ ಕೃತಕ ಪಾಲಿಮರ್ ಬಳಸಿ, ನೀರಿನ ಬದಲು ಅರ್ಧಕ್ಕರ್ಧ ಪ್ರೊಪಿಲೀನ್ ಗ್ಲೈಕಾಲ್ ಮಿಶ್ರಣದಲ್ಲಿ ಮಾಡುತ್ತಿದ್ದೇನೆ. ಮುದ್ದೆ ಅರೆದಾಗಿದೆ, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಮೊದಲ ಗಂಟೆ ನಡೆಯುತ್ತಿದೆ.